ಕೊಟ್ಟ ಮಾತು, ಜಾರಿದ ಹೆಜ್ಜೆ

'ಪೆರೋಲ್' ಎಂಬ ಶಬ್ದವನ್ನು ನಾವು ವೃತ್ತಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಓದುತ್ತೇವೆ. ಅದು ಫ್ರೆಂಚ್ ಭಾಷೆಯಿಂದ ಬಂದ ಶಬ್ದ. ಅದರ ಮೂಲಾರ್ಥ 'ಮಾತು', ಎಂದರೆ ನಂಬಿಸಿ ಕೊಟ್ಟ ಮಾತು. ಯುದ್ಧದಲ್ಲಿ ಸೆರೆಸಿಕ್ಕ ಯೋಧನು ಮತ್ತೆ ಶಸ್ತ್ರ ಹಿಡಿಯುವುದಿಲ್ಲವೆಂದು ಮಾತು ಕೊಟ್ಟು ಬಿಡುಗಡೆ ಪಡೆಯುತ್ತಿದ್ದ ಕಾಲದಿಂದ ಅದು ಬಳಕೆಯಲ್ಲಿದೆ. ಕನ್ನಡಿಗರಿಗೆ ಈ ಕಲ್ಪನೆ ಹೊಸದೇನಲ್ಲ. ಕರುವಿಗೆ ಹಾಲುಣಿಸಿ ಬರುತ್ತೇನೆಂದು ಹುಲಿಗೆ ಮಾತು ಕೊಟ್ಟು ಹೋದ ಪುಣ್ಯಕೋಟಿಯ ಕಥೆಯನ್ನು ಕೇಳದೆ ಬೆಳೆದ ಕನ್ನಡದ ಮಗು ಗಡಿಯ ಆಚೆಗಾಗಲಿ ಈಚೆಗಾಗಲಿ ಇರಲಾರದು.

ಆದರೆ ಮಾತು ಕೊಟ್ಟವನ ಮನಸ್ಸೇ ಅವನ ಸ್ವಾಧೀನದಲ್ಲಿಲ್ಲದಿದ್ದರೆ? 'ಇನ್ನು ಮುಟ್ಟುವುದಿಲ್ಲ' ಎಂದು ಸತ್ಯವಾಗಿಯೇ ಹೇಳಿ ಹೊರಬಂದವನು, ಮೂರು ತಿಂಗಳು ಕಳೆಯುವುದರೊಳಗೆ ಮತ್ತೆ ಅಮಲುಪದಾರ್ಥಕ್ಕೆ ಕೈಚಾಚಿದರೆ? ಅವನು ಮಾತಿಗೆ ತಪ್ಪಿದ ಅಪರಾಧಿಯೋ, ಕಾಯಿಲೆ ಮರುಕಳಿಸಿದ ರೋಗಿಯೋ? ಅಮೆರಿಕದ ಸಂಯುಕ್ತ ಸಂಸ್ಥಾನದ ನ್ಯಾಯಾಲಯಗಳು ದಶಕಗಳಿಂದ ಎದುರಿಸುತ್ತ ಬಂದ ಪ್ರಶ್ನೆ ಇದು. ಮಾದಕ ದ್ರವ್ಯದ ಪಿಡುಗು ಹಳ್ಳಿಯ ಶಾಲೆಯ ಅಂಗಳದವರೆಗೂ ಬಂದಿರುವ ಇಂದು ಇದು ನಮ್ಮ ಮನೆಗಳ ಪ್ರಶ್ನೆಯೂ ಆಗಬಹುದು. ಆದುದರಿಂದ ಅಲ್ಲಿಯವರ ಅನುಭವವನ್ನು ತುಸು ವಿವರವಾಗಿ ಓದುಗರ ಮುಂದಿಡಬಯಸುತ್ತೇವೆ.

ಅಲ್ಲಿಯ ಪೆರೋಲ್, ಇಲ್ಲಿಯ ಪೆರೋಲ್

ನಮ್ಮ ದೇಶದಲ್ಲಿ ಪೆರೋಲ್ ಎಂದರೆ ಕೈದಿಗೆ ಸಿಗುವ ಅಲ್ಪಕಾಲದ ಬಿಡುವು. ಹೆತ್ತವರ ಕಾಯಿಲೆ, ಮನೆಯಲ್ಲಿ ಸಾವು, ಮಗಳ ಮದುವೆ ಮೊದಲಾದ ಕಾರಣಗಳಿಗೆ ಕೆಲವು ದಿನ ಹೊರಗೆ ಬಿಡುತ್ತಾರೆ. ಅವಧಿ ಮುಗಿದೊಡನೆ ಆತ ಸೆರೆಮನೆಗೆ ಮರಳಬೇಕು. ಅಮೆರಿಕದಲ್ಲಿ ಆ ಶಬ್ದಕ್ಕೆ ಬೇರೆಯೇ ಅರ್ಥ. ಶಿಕ್ಷೆಯ ಒಂದು ಭಾಗವನ್ನು ಸೆರೆಮನೆಯಲ್ಲಿ ಕಳೆದವನು ಉಳಿದ ಭಾಗವನ್ನು ಊರಿನಲ್ಲಿ, ಅಧಿಕಾರಿಯೊಬ್ಬರ ಮೇಲ್ವಿಚಾರಣೆಯಲ್ಲಿ ಕಳೆಯುವುದಕ್ಕೆ ಅಲ್ಲಿ ಪೆರೋಲ್ ಎನ್ನುತ್ತಾರೆ. ಸೆರೆಮನೆಗೆ ಕಳುಹಿಸದೆಯೇ ಷರತ್ತುಗಳ ಮೇಲೆ ಹೊರಗಿರಿಸುವುದು 'ಪ್ರೊಬೇಷನ್'. ಇವೆರಡೂ ಒಂದೇ ಬಳ್ಳಿಯ ಕಾಯಿಗಳು.

ಷರತ್ತುಗಳು ಹಲವು. ಗೊತ್ತಾದ ದಿನ ಅಧಿಕಾರಿಯ ಮುಂದೆ ಹಾಜರಾಗಬೇಕು, ಅನುಮತಿಯಿಲ್ಲದೆ ಊರು ಬಿಡಬಾರದು, ಕೆಲಸ ಹುಡುಕಬೇಕು, ಹಳೆಯ ಸಹವಾಸ ತೊರೆಯಬೇಕು. ಮಾದಕ ದ್ರವ್ಯ ಮುಟ್ಟಬಾರದು ಎಂಬುದು ಇವುಗಳಲ್ಲಿ ಮುಖ್ಯವಾದುದು. ಕರೆದಾಗ ಮೂತ್ರಪರೀಕ್ಷೆಗೆ ಒಪ್ಪಬೇಕು. ಹೊಸದಾಗಿ ಕಳ್ಳತನವನ್ನೋ ಹೊಡೆದಾಟವನ್ನೋ ಮಾಡದಿದ್ದರೂ, ಪರೀಕ್ಷೆಯಲ್ಲಿ ಮಾದಕದ ಅಂಶ ಕಂಡರೆ ಅಥವಾ ಪರೀಕ್ಷೆಗೆ ಬಾರದೆ ತಪ್ಪಿಸಿಕೊಂಡರೆ ಷರತ್ತು ಮುರಿದಂತೆಯೇ ಸರಿ. ಆಗ ಬಿಡುಗಡೆಯನ್ನು ರದ್ದುಮಾಡಿ ಮತ್ತೆ ಸೆರೆಗೆ ತಳ್ಳುವ ಅಧಿಕಾರ ಅಲ್ಲಿಯ ವ್ಯವಸ್ಥೆಗೆ ಉಂಟು.

ವಿಚಿತ್ರವೆಂದರೆ ಈ ವ್ಯವಸ್ಥೆ ಹುಟ್ಟಿದ್ದೇ ಒಬ್ಬ ವ್ಯಸನಿಯ ದೆಸೆಯಿಂದ. 1841ರಲ್ಲಿ ಬೋಸ್ಟನ್ ನಗರದ ಪೊಲೀಸ್ ನ್ಯಾಯಾಲಯಕ್ಕೆ ಒಬ್ಬ ಕುಡುಕನನ್ನು ತಂದು ನಿಲ್ಲಿಸಿದರು. ಅಲ್ಲಿದ್ದ ಜಾನ್ ಅಗಸ್ಟಸ್ ಎಂಬ ಬೂಟು ತಯಾರಕರು ಅವನೊಡನೆ ನಾಲ್ಕು ಮಾತಾಡಿ, ತಾವೇ ಜಾಮೀನು ನಿಂತು ಬಿಡಿಸಿಕೊಂಡು ಹೋದರು. ಮೂರು ವಾರಗಳ ಮೇಲೆ ಆತ ಮರಳಿ ಬಂದು ನಿಂತಾಗ ಗುರುತೇ ಹತ್ತದಷ್ಟು ಬದಲಾಗಿದ್ದನು. ನ್ಯಾಯಾಧೀಶರು ಸೆರೆವಾಸದ ಮಾತೆತ್ತದೆ, ಖರ್ಚಿನ ಜೊತೆಗೆ ಒಂದು ಸೆಂಟ್ ದಂಡ ಹಾಕಿ ಬಿಟ್ಟರು. 1859ರಲ್ಲಿ ತೀರಿಕೊಳ್ಳುವವರೆಗೂ ಅಗಸ್ಟಸರು ಇಂತಹ ನೂರಾರು ಮಂದಿಗೆ ಜಾಮೀನು ನಿಂತರು. ಅಮೆರಿಕದ ಪ್ರೊಬೇಷನ್ ಪದ್ಧತಿಯ ಪಿತಾಮಹರೆಂದು ಇಂದಿಗೂ ಅವರನ್ನೇ ನೆನೆಯುತ್ತಾರೆ. ಕುಡುಕನು ಸುಧಾರಿಸಿದ್ದು ದೊಡ್ಡದು, ನಿಜ. ಆದರೆ ಹೇಳಿದ ದಿನ ಬಂದು ನ್ಯಾಯಾಧೀಶರ ಮುಂದೆ ನಿಂತದ್ದೂ ಅಷ್ಟೇ ದೊಡ್ಡದೆಂದು ನಮಗೆ ತೋರುತ್ತದೆ.

ಒಬ್ಬ ನಟನ ಕಥೆ

ಇಂಗ್ಲಿಷ್ ಚಲನಚಿತ್ರಗಳನ್ನು ನೋಡುವ ನಮ್ಮ ಮಕ್ಕಳಿಗೆ ರಾಬರ್ಟ್ ಡೌನಿ ಜೂನಿಯರ್ ಎಂಬ ನಟನ ಹೆಸರು ಗೊತ್ತಿರುತ್ತದೆ. 2008ರ 'ಐರನ್ ಮ್ಯಾನ್' ಚಿತ್ರದಿಂದ ಆತ ಲೋಕವಿಖ್ಯಾತನಾದನು. 2024ರಲ್ಲಿ 'ಒಪ್ಪೆನ್‌ಹೈಮರ್' ಚಿತ್ರದ ಪೋಷಕ ಪಾತ್ರಕ್ಕಾಗಿ ಆಸ್ಕರ್ ಪಡೆದನು. ಈ ಕೀರ್ತಿಯ ಹಿಂದಿನ ವರ್ಷಗಳು ಬಹಳ ಮಂದಿಗೆ ತಿಳಿಯವು.

ಅವನಿಗೆ ಗಾಂಜಾದ ರುಚಿ ತೋರಿಸಿದವರು, ಚಲನಚಿತ್ರ ನಿರ್ದೇಶಕರಾಗಿದ್ದ ಅವನ ತಂದೆಯೇ; ಅದೂ ಇನ್ನೂ ಎಳೆಯ ಬಾಲಕನಾಗಿದ್ದಾಗ. 1996ರಲ್ಲಿ ಹೆರಾಯಿನ್, ಕೊಕೇನ್ ಮತ್ತು ಬಂದೂಕಿನೊಡನೆ ಸಿಕ್ಕಿಬಿದ್ದನು. ಕೆಲವೇ ವಾರಗಳಲ್ಲಿ ಅಮಲಿನಲ್ಲಿ ನೆರೆಮನೆಯನ್ನು ತನ್ನ ಮನೆಯೆಂದು ಭ್ರಮಿಸಿ ಒಳಹೊಕ್ಕು, ಆ ಮನೆಯ ಮಗುವಿನ ಹಾಸಿಗೆಯಲ್ಲಿ ನಿದ್ದೆಹೋದನು. ನ್ಯಾಯಾಲಯ ಅವನನ್ನು ಪ್ರೊಬೇಷನ್ ಮೇಲೆ ಬಿಟ್ಟಿತು, ಪರೀಕ್ಷೆಗಳನ್ನು ವಿಧಿಸಿತು. ಷರತ್ತು ಮುರಿದುದಕ್ಕಾಗಿ ಕೆಲವು ತಿಂಗಳು ಸೆರೆಯಲ್ಲಿದ್ದು ಬಂದನು. ಬಂದ ಮೇಲೆಯೂ ಪರೀಕ್ಷೆ ತಪ್ಪಿಸಿದನು. 1999ರ ಆಗಸ್ಟಿನಲ್ಲಿ ನ್ಯಾಯಾಧೀಶರ ತಾಳ್ಮೆ ಮುಗಿದು ಮೂರು ವರ್ಷಗಳ ಸೆರೆವಾಸ ವಿಧಿಸಲಾಯಿತು.

ಸುಮಾರು ಒಂದು ವರ್ಷದ ಬಳಿಕ, 2000ದ ಆಗಸ್ಟಿನಲ್ಲಿ ಬಿಡುಗಡೆಯಾಯಿತು. ದೂರದರ್ಶನದ ಧಾರಾವಾಹಿಯಲ್ಲಿ ಒಳ್ಳೆಯ ಪಾತ್ರ ಸಿಕ್ಕಿತು. ಇನ್ನು ದಡ ಸೇರಿದನೆಂದು ಎಲ್ಲರೂ ಭಾವಿಸುವಷ್ಟರಲ್ಲಿ, ಅದೇ ನವೆಂಬರಿನಲ್ಲಿ ಪಾಮ್ ಸ್ಪ್ರಿಂಗ್ಸ್‌ನ ಹೋಟೆಲೊಂದರಲ್ಲಿ ಮಾದಕ ದ್ರವ್ಯದೊಡನೆ ಮತ್ತೆ ಸಿಕ್ಕಿಬಿದ್ದನು. 2001ರ ಏಪ್ರಿಲ್‌ನಲ್ಲಿ ಪೆರೋಲ್ ಮೇಲಿರುವಾಗಲೇ ಇನ್ನೊಮ್ಮೆ ಬಂಧನವಾಯಿತು. ಧಾರಾವಾಹಿಯ ಕೆಲಸವೂ ಹೋಯಿತು. ಈ ಸಲ ಪೆರೋಲ್ ಅಧಿಕಾರಿಗಳು ಅವನನ್ನು ಕಳುಹಿಸಿದ್ದು ಚಿಕಿತ್ಸಾಲಯಕ್ಕೆ.

ಆ ಹೊತ್ತಿಗೆ ಕ್ಯಾಲಿಫೋರ್ನಿಯಾದ ಮತದಾರರು ಒಂದು ಹೊಸ ಕಾನೂನಿಗೆ ಒಪ್ಪಿಗೆ ಕೊಟ್ಟಿದ್ದರು. 2000ದ ನವೆಂಬರಿನಲ್ಲಿ ಅಂಗೀಕೃತವಾಗಿ 2001ರ ಜುಲೈ 1ರಿಂದ ಜಾರಿಗೆ ಬಂದ 'ಪ್ರಸ್ತಾವ 36' ಎಂಬ ಆ ಕಾನೂನಿನ ಪ್ರಕಾರ, ಹಿಂಸೆಯಿಲ್ಲದೆ ಕೇವಲ ಸ್ವಂತ ಬಳಕೆಗೆ ಮಾದಕ ದ್ರವ್ಯ ಇರಿಸಿಕೊಂಡವರಿಗೆ ಮೊದಲ ಸಲಗಳಲ್ಲಿ ಸೆರೆಯ ಬದಲು ಚಿಕಿತ್ಸೆ ಕೊಡಬೇಕಿತ್ತು. ಡೌನಿಗೆ ಅದರಂತೆ ಆ ಜುಲೈಯಲ್ಲಿ ಚಿಕಿತ್ಸಾಲಯದ ವಾಸವೂ ಮೂರು ವರ್ಷಗಳ ಪ್ರೊಬೇಷನ್ನೂ ವಿಧಿಸಲ್ಪಟ್ಟವು. 2003ರಿಂದೀಚೆಗೆ ಆತ ಅಮಲಿನಿಂದ ದೂರವಿದ್ದಾನೆ. 2015ರ ಕ್ರಿಸ್‌ಮಸ್ ಹಿಂದಿನ ದಿನ ಕ್ಯಾಲಿಫೋರ್ನಿಯಾದ ಗವರ್ನರ್ ಜೆರಿ ಬ್ರೌನ್ ಅವನಿಗೆ ಕ್ಷಮಾದಾನ ನೀಡಿದರು.

ಈ ಕಥೆಯನ್ನು ಓದಿ, ಕೊನೆಗೆ ಎಲ್ಲವೂ ಸರಿಹೋಗುತ್ತದೆ ಎಂದುಕೊಂಡು ಸುಮ್ಮನಿರುವಂತಿಲ್ಲ. ಡೌನಿಗೆ ಹಣವಿತ್ತು, ಹೆಸರಿತ್ತು, ಸಮರ್ಥ ವಕೀಲರಿದ್ದರು. ಇವಾವುವೂ ಇಲ್ಲದವರ ಪಾಡೇನು? 2016ರಲ್ಲಿ ಮೆಸಾಚುಸೆಟ್ಸ್ ರಾಜ್ಯದ ತರುಣಿಯೊಬ್ಬಳು ಒಡವೆ ಕದ್ದ ಪ್ರಕರಣದಲ್ಲಿ, ಅಮಲು ಮುಟ್ಟಬಾರದೆಂಬ ಷರತ್ತಿನ ಪ್ರೊಬೇಷನ್ ಮೇಲೆ ಬಿಡುಗಡೆಯಾದಳು. ಚಿಕಿತ್ಸೆಯನ್ನೂ ಪ್ರಾರಂಭಿಸಿದಳು. ಎರಡು ವಾರಗಳೊಳಗೆ ಫೆಂಟನಿಲ್ ಎಂಬ ಘೋರ ಮಾದಕ ಅವಳ ಪರೀಕ್ಷೆಯಲ್ಲಿ ಕಂಡಿತು. ಒಳರೋಗಿಯಾಗಿ ಸೇರಲು ತತ್‌ಕ್ಷಣ ಚಿಕಿತ್ಸಾಲಯದಲ್ಲಿ ಜಾಗ ಸಿಗದ ಕಾರಣ ಹತ್ತು ದಿನ ಸೆರೆಮನೆಯಲ್ಲಿ ಕಳೆಯಬೇಕಾಯಿತು. 'ವ್ಯಸನವು ರೋಗ, ರೋಗ ಮರುಕಳಿಸಿದುದಕ್ಕೆ ಶಿಕ್ಷೆಯೇ?' ಎಂದು ಅವಳ ಪರವಾಗಿ ವಾದಿಸಲಾಯಿತು. ಆ ರಾಜ್ಯದ ಅತ್ಯುಚ್ಚ ನ್ಯಾಯಾಲಯ 2018ರಲ್ಲಿ ಆ ವಾದವನ್ನು ಪುರಸ್ಕರಿಸಲಿಲ್ಲ. ಅಮಲು ಮುಟ್ಟಬಾರದೆಂಬ ಷರತ್ತು ವಿಧಿಸಲು ನ್ಯಾಯಾಧೀಶರಿಗೆ ಅಧಿಕಾರವಿದೆಯೆಂದು ತೀರ್ಪಿತ್ತಿತು.

ನ್ಯಾಯಪೀಠಗಳು ಹೇಳಿದ್ದೇನು?

ಅಮೆರಿಕದ ಸುಪ್ರೀಂ ಕೋರ್ಟು 1962ರಲ್ಲಿಯೇ ಒಂದು ಗೆರೆ ಎಳೆದಿತ್ತು. ವ್ಯಸನಿಯಾಗಿರುವುದೇ ಅಪರಾಧವೆಂದು ಸಾರಿದ್ದ ಕ್ಯಾಲಿಫೋರ್ನಿಯಾದ ಕಾನೂನನ್ನು ರಾಬಿನ್ಸನ್ ಎಂಬಾತನ ಮೊಕದ್ದಮೆಯಲ್ಲಿ ಅದು ರದ್ದುಪಡಿಸಿತು. ರೋಗವನ್ನು ಶಿಕ್ಷಿಸುವುದು ಕ್ರೌರ್ಯ ಎಂಬುದು ಆ ತೀರ್ಪಿನ ತಿರುಳು. ದುಃಖದ ಸಂಗತಿಯೆಂದರೆ, ತೀರ್ಪು ಬರುವುದಕ್ಕೆ ಹತ್ತು ತಿಂಗಳು ಮೊದಲೇ ರಾಬಿನ್ಸನ್ ಮಾದಕದ ಮಿತಿಮೀರಿದ ಸೇವನೆಯಿಂದ ಸತ್ತಿದ್ದನು. ಆದರೆ ಅದೇ ತೀರ್ಪು, ಮಾದಕವನ್ನು ಇರಿಸಿಕೊಳ್ಳುವುದನ್ನೂ ಸೇವಿಸುವುದನ್ನೂ ಶಿಕ್ಷಿಸುವ ಅಧಿಕಾರವನ್ನು ಸರಕಾರಗಳಿಂದ ಕಿತ್ತುಕೊಳ್ಳಲಿಲ್ಲ.

1972ರಲ್ಲಿ 'ಮಾರಿಸ್ಸಿ ವಿರುದ್ಧ ಬ್ರೂವರ್' ಎಂಬ ಮೊಕದ್ದಮೆಯಲ್ಲಿ ಇನ್ನೊಂದು ಮಹತ್ವದ ತೀರ್ಪು ಬಂದಿತು. ಪೆರೋಲನ್ನು ವಿಚಾರಣೆಯಿಲ್ಲದೆ ರದ್ದುಮಾಡುವಂತಿಲ್ಲ, ಆಪಾದನೆಯನ್ನು ಬರಹದಲ್ಲಿ ತಿಳಿಸಬೇಕು, ಸಾಕ್ಷ್ಯವನ್ನು ತೋರಿಸಬೇಕು, ಆಪಾದಿತನು ತನ್ನ ಮಾತು ಹೇಳಲು, ತನ್ನ ಸಾಕ್ಷಿಗಳನ್ನು ಕರೆತರಲು ಅವಕಾಶವಿರಬೇಕು, ಪಕ್ಷಪಾತವಿಲ್ಲದವರು ಕೇಳಿ, ಕಾರಣಗಳನ್ನು ಬರೆದು ತೀರ್ಮಾನಿಸಬೇಕು.

ಈ ಹಕ್ಕು ಬರಿಯ ಕಾಗದದ ಅಲಂಕಾರವಲ್ಲ. ಪರೀಕ್ಷೆಯೂ ಒಮ್ಮೊಮ್ಮೆ ಹಾದಿ ತಪ್ಪಿಸುತ್ತದೆ. ನಮ್ಮ ಮನೆಗಳಲ್ಲಿ ಪಾಯಸ ಮಾಡುವ ಗಸಗಸೆಯು ಅಫೀಮಿನ ಗಿಡದ ಬೀಜವೇ ತಾನೇ. ಗಸಗಸೆ ತಿಂದವರ ಮೂತ್ರದಲ್ಲಿಯೂ ಅಫೀಮಿನ ಅಂಶ ಕಾಣಿಸಬಹುದು. ಇದನ್ನರಿತೇ ಅಮೆರಿಕದ ಕೇಂದ್ರ ಸರಕಾರವು ನೌಕರರ ಪರೀಕ್ಷೆಯಲ್ಲಿ ಅಫೀಮು ವರ್ಗದ ಮಿತಿಯನ್ನು 1998ರಲ್ಲಿ 300 ನ್ಯಾನೋಗ್ರಾಮಿನಿಂದ 2000ಕ್ಕೆ ಏರಿಸಿತು. ಗಾಂಜಾವನ್ನು ಬಹುಕಾಲ ಸೇದಿದವನ ಮೂತ್ರದಲ್ಲಿ, ಬಿಟ್ಟು ವಾರಗಳಾದರೂ ಅದರ ಕುರುಹು ಉಳಿದಿರುತ್ತದೆ. ಆದುದರಿಂದ ಮೊದಲ ಪರೀಕ್ಷೆಯ ಫಲವನ್ನು ಅಲ್ಲಗಳೆಯುವವನು ಎರಡನೆಯ, ಹೆಚ್ಚು ಸೂಕ್ಷ್ಮವಾದ ಪರೀಕ್ಷೆಯನ್ನು ಕೇಳಬೇಕೆಂದು ಅಲ್ಲಿಯ ವಕೀಲರು ಸಲಹೆ ಕೊಡುತ್ತಾರೆ.

ನ್ಯೂಯಾರ್ಕ್ ರಾಜ್ಯವು 2021ರಲ್ಲಿ ಪೆರೋಲ್ ಕಾನೂನನ್ನು ತಿದ್ದಿ, ಹೊಸ ಅಪರಾಧವಿಲ್ಲದ ಷರತ್ತುಭಂಗಗಳಲ್ಲಿ ಕೆಲವಕ್ಕೆ ಸೆರೆಯೇ ಇಲ್ಲವೆಂದೂ ಉಳಿದವಕ್ಕೆ ಹೆಚ್ಚೆಂದರೆ 30 ದಿನವೆಂದೂ ಗೊತ್ತುಪಡಿಸಿತು. ಇತ್ತ ಕ್ಯಾಲಿಫೋರ್ನಿಯಾದ ಮತದಾರರೇ 2024ರಲ್ಲಿ, ಕಾಕತಾಳೀಯವಾಗಿ ಅದೇ 36ರ ಸಂಖ್ಯೆಯ ಬೇರೊಂದು ಪ್ರಸ್ತಾವದ ಮೂಲಕ, ಪದೇ ಪದೇ ಸಿಕ್ಕಿಬೀಳುವವರಿಗೆ ಕಾನೂನನ್ನು ಬಿಗಿಗೊಳಿಸಿದರು. ದಯೆ ಮತ್ತು ದಂಡಗಳ ತಕ್ಕಡಿ ಅಲ್ಲಿ ಇನ್ನೂ ತೂಗುತ್ತಲೇ ಇದೆ.

ಬಿಡುಗಡೆಯ ಮೊದಲ ವಾರಗಳು

ವೈದ್ಯಶಾಸ್ತ್ರ ಹೇಳುವ ಒಂದು ಮಾತನ್ನು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು. ಹೆರಾಯಿನ್‌ನಂತಹ ಮಾದಕವನ್ನು ನಿತ್ಯ ಸೇವಿಸುವವನ ದೇಹ ಅದಕ್ಕೆ ಒಗ್ಗಿಕೊಂಡು ಹೆಚ್ಚು ಹೆಚ್ಚು ಪ್ರಮಾಣವನ್ನು ತಾಳುತ್ತದೆ. ಸೆರೆಮನೆಯಲ್ಲಿಯೋ ಆಸ್ಪತ್ರೆಯಲ್ಲಿಯೋ ಕೆಲವು ತಿಂಗಳು ಬಿಟ್ಟಿದ್ದರೆ ಆ ತಾಳುವ ಶಕ್ತಿ ಕುಗ್ಗುತ್ತದೆ. ಆದರೆ ಮನಸ್ಸಿನ ಹಂಬಲ ಕುಗ್ಗಿರುವುದಿಲ್ಲ. ಹೊರಬಂದವನು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರಾಟ ನಿಂತುಹೋಗುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ ಮೂವತ್ತು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರು ಸಾಯುವ ಸಂಭವ ಇತರ ನಾಗರಿಕರಿಗಿಂತ ಹನ್ನೆರಡು ಪಟ್ಟಿಗೂ ಹೆಚ್ಚು. ಮಾದಕದ ಅತಿಸೇವನೆಯಿಂದ ಸಾಯುವ ಸಂಭವವಂತೂ 129 ಪಟ್ಟು.

ಸೆರೆಗೆ ಹೆದರಿ ಮುಚ್ಚಿಡುವವನು ಮತ್ತೆ ಮರೆಯಲ್ಲಿ, ಒಬ್ಬನೇ ಸೇವಿಸುತ್ತಾನೆ. ಒಬ್ಬನೇ ಇರುವವನ ಉಸಿರು ನಿಂತರೆ ನೋಡುವವರಿಲ್ಲ. ಆದುದರಿಂದಲೇ ಷರತ್ತು ಮುರಿದ ಸಂಗತಿಯನ್ನು ಬಾಯಿಬಿಟ್ಟು ಹೇಳುವುದು ಇಲ್ಲಿ ಬರಿಯ ನೀತಿಯ ಮಾತಾಗಿ ಉಳಿಯದೆ ಜೀವದ ಪ್ರಶ್ನೆಯಾಗುತ್ತದೆ. ಅಫೀಮು ವರ್ಗದ ವ್ಯಸನಕ್ಕೆ ಮೆಥಡೋನ್, ಬ್ಯುಪ್ರೆನಾರ್ಫಿನ್ ಮುಂತಾದ ಔಷಧಗಳಿವೆ. ವೈದ್ಯರು ಬರೆದುಕೊಟ್ಟ ಈ ಔಷಧ ತೆಗೆದುಕೊಳ್ಳುವುದನ್ನು 'ಒಂದರ ಬದಲು ಇನ್ನೊಂದು ಅಮಲು' ಎಂದು ಹೀಗಳೆದು ನಿಲ್ಲಿಸಿಬಿಡುವುದು ಅಪಾಯಕರ.

ನಮ್ಮ ಕಾನೂನಿನಲ್ಲಿ

ಅಮೆರಿಕದ ಮಾದರಿಯ ಪೆರೋಲ್ ನಮ್ಮಲ್ಲಿಲ್ಲದಿದ್ದರೂ, ಕೊಟ್ಟ ಮಾತಿನ ಮೇಲೆ ಬಿಡುವ ಏರ್ಪಾಡು ನಮ್ಮ ಕಾನೂನಿನಲ್ಲಿಯೂ ಇದೆ. 1985ರ ಮಾದಕ ದ್ರವ್ಯಗಳ ಕಾಯಿದೆಯ 39ನೆಯ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪಪ್ರಮಾಣದ ಅಪರಾಧದಲ್ಲಿ ತಪ್ಪಿತಸ್ಥನೆಂದು ಸಿದ್ಧನಾದ ವ್ಯಸನಿಯನ್ನು, ಅವನ ಒಪ್ಪಿಗೆ ಪಡೆದು, ನ್ಯಾಯಾಲಯವು ಒಡನೆ ಸೆರೆಗೆ ಕಳುಹಿಸುವ ಬದಲು ಸರಕಾರ ನಡೆಸುವ ಅಥವಾ ಮಾನ್ಯಮಾಡಿದ ಆಸ್ಪತ್ರೆಯ ಚಿಕಿತ್ಸೆಗೆ ಬಿಡಬಹುದು. ಆತ ಮುಚ್ಚಳಿಕೆ ಬರೆದುಕೊಡಬೇಕು. ಒಂದು ವರ್ಷದೊಳಗೆ ಚಿಕಿತ್ಸೆಯ ವರದಿಯೊಡನೆ ನ್ಯಾಯಾಲಯದ ಮುಂದೆ ಬರಬೇಕು. ತಪ್ಪಿದರೆ ಶಿಕ್ಷೆ ಕಾದಿರುತ್ತದೆ. 64ಎ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂತಹ ಸಣ್ಣ ಅಪರಾಧದ ಆಪಾದನೆಯಿರುವ ವ್ಯಸನಿ ತಾನಾಗಿ ಇಂತಹ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದಲೇ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆಯನ್ನು ಹಿಂದೆಗೆದುಕೊಳ್ಳಬಹುದು.

1958ರ ಅಪರಾಧಿಗಳ ಪ್ರೊಬೇಷನ್ ಕಾಯಿದೆಯಲ್ಲಿಯೂ ಅಮಲು ಮುಟ್ಟಬಾರದೆಂಬ ಷರತ್ತು ಹಾಕಲು ಅವಕಾಶವಿದೆ. ಅದು ಮೊದಲನೆಯ ಸಲ ಮುರಿದರೆ, ನ್ಯಾಯಾಧೀಶರು ಮುಚ್ಚಳಿಕೆಯನ್ನು ಹಾಗೆಯೇ ಉಳಿಸಿ ಐವತ್ತು ರೂಪಾಯಿ ಮೀರದ ದಂಡ ಹಾಕಿ ಬಿಡಬಹುದೆಂದು 9ನೆಯ ಕಲಮು ಹೇಳುತ್ತದೆ. ಬೋಸ್ಟನ್ನಿನ ಒಂದು ಸೆಂಟಿನ ನೆನಪಾಗುವುದಿಲ್ಲವೆ? ಎಡವಿದವನಿಗೆ ಮೊದಲ ಸಲವೇ ಬಾಗಿಲು ಮುಚ್ಚಬೇಕಾಗಿಲ್ಲವೆಂಬ ವಿವೇಕ ನಮ್ಮ ಶಾಸನಕರ್ತರಿಗೂ ಇತ್ತು.

ಮನೆಯವರು ಮಾಡಬೇಕಾದುದು

ಮಗನೋ ತಮ್ಮನೋ ಮತ್ತೆ ಜಾರಿದನೆಂದು ತಿಳಿದಾಗ ಮನೆಯವರಿಗೆ ಎರಡು ದುಡುಕು ಸಹಜ. ಒಂದು, ಮಾನಕ್ಕಂಜಿ ಬಚ್ಚಿಟ್ಟು ದೂರದ ನೆಂಟರ ಮನೆಗೆ ಸಾಗಿಸಿಬಿಡುವುದು. ಇನ್ನೊಂದು, 'ನಮ್ಮ ಪಾಲಿಗೆ ಸತ್ತ' ಎಂದು ಹೊರಗಟ್ಟುವುದು. ಎರಡೂ ಅನರ್ಥಕಾರಿ. ಹಾಜರಾಗಬೇಕಾದವನು ಓಡಿಹೋದರೆ, ಕಾಯಿಲೆಯ ಪ್ರಕರಣವಾಗಿದ್ದುದು ತಲೆಮರೆಸಿಕೊಂಡವನ ಪ್ರಕರಣವಾಗಿ ಮಾರ್ಪಡುತ್ತದೆ. ಮೊದಲು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸೇರಿಸಿದ ದಿನಾಂಕವಿರುವ ಚೀಟಿಯನ್ನು ಜೋಪಾನವಾಗಿರಿಸಬೇಕು. ಬಳಿಕ ವಕೀಲರನ್ನು ಕಂಡು, ಗೊತ್ತಾದ ದಿನ ತಪ್ಪದೆ ನ್ಯಾಯಾಲಯದಲ್ಲಿ ಹಾಜರುಪಡಿಸಬೇಕು. ಬಂಧನದಲ್ಲಿರುವವನಿಗೆ ಉಚಿತ ಕಾನೂನು ನೆರವಿನ ಹಕ್ಕು 1987ರ ಕಾಯಿದೆಯಿಂದ ಬಂದಿದೆ; 15100 ಸಂಖ್ಯೆಗೆ ದೂರವಾಣಿ ಮಾಡಿದರೆ ಮಾಹಿತಿ ದೊರೆಯುತ್ತದೆ. ವ್ಯಸನಮುಕ್ತಿಯ ಸಲಹೆಗೆ 14446 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ.

ಗಡಿಯಾಚೆಯ ಕನ್ನಡ ಕುಟುಂಬಗಳಿಗೆ ಇನ್ನೊಂದು ತೊಡಕುಂಟು. ಕಾಸರಗೋಡಿನಲ್ಲಿ ಮಲಯಾಳದ, ತಾಳವಾಡಿಯಲ್ಲಿ ತಮಿಳಿನ, ಅಕ್ಕಲಕೋಟೆಯಲ್ಲಿ ಮರಾಠಿಯ, ಮಡಕಶಿರದಲ್ಲಿ ತೆಲುಗಿನ ಕಾಗದಕ್ಕೆ ರುಜು ಹಾಕುವ ಪ್ರಸಂಗ ಬರಬಹುದು. ಮುಚ್ಚಳಿಕೆಯ ಒಂದೊಂದು ಷರತ್ತನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿಸಿಕೊಳ್ಳದೆ ರುಜು ಹಾಕಬಾರದು. ಆರೋಪಿಗೆ ತಿಳಿಯದ ಭಾಷೆಯಲ್ಲಿ ನುಡಿದ ಸಾಕ್ಷ್ಯವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂಬ ನಿಯಮ ನಮ್ಮ ಕಾನೂನಿನಲ್ಲಿಯೇ ಉಂಟು. ಅದನ್ನು ಕೇಳಿ ಪಡೆಯಲು ಸಂಕೋಚ ಬೇಡ. ಚಿಕಿತ್ಸೆಯಲ್ಲಿಯೂ ಹಾಗೆಯೇ. ಮನಸ್ಸಿನ ನೋವನ್ನು ತಾಯ್ನುಡಿಯಲ್ಲಿ ತೋಡಿಕೊಳ್ಳುವಷ್ಟು ಸಲೀಸಾಗಿ ಬೇರೆ ನುಡಿಯಲ್ಲಿ ತೋಡಿಕೊಳ್ಳಲಾಗದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಮರಾಠಿ ಬಲ್ಲ ಸೊಲ್ಲಾಪುರದ ಕಡೆಯವರಿಗೆ 1986ರಲ್ಲಿ ಪುಣೆಯಲ್ಲಿ ಪ್ರಾರಂಭವಾದ ಮುಕ್ತಾಂಗಣವೂ, ತಮಿಳು ಬಲ್ಲವರಿಗೆ 1980ರಲ್ಲಿ ಚೆನ್ನೈಯಲ್ಲಿ ಶಾಂತಿ ರಂಗನಾಥನ್ ಸ್ಥಾಪಿಸಿದ ಟಿ. ಟಿ. ರಂಗನಾಥನ್ ಪ್ರತಿಷ್ಠಾನವೂ ಈ ಕ್ಷೇತ್ರದಲ್ಲಿ ಹೆಸರಾದ ಸಂಸ್ಥೆಗಳು.

'ಇನ್ನೆಂದಿಗೂ ಮುಟ್ಟುವುದಿಲ್ಲ' ಎಂಬ ಆಣೆಯನ್ನು ವ್ಯಸನಿಯಿಂದ ದೇವರ ಮುಂದೆ ಮಾಡಿಸುವವರುಂಟು. ಆ ಆಣೆ ಮುರಿದ ದಿನ ಆತ ನಾಚಿಕೆಯಿಂದ ಮನೆಗೇ ಬಾರದಂತಾಗುತ್ತಾನೆ. ಅದಕ್ಕಿಂತ, 'ಜಾರಿದರೆ ಆ ದಿನವೇ ಬಂದು ಹೇಳುತ್ತೇನೆ' ಎಂಬ ಮಾತನ್ನು ಪಡೆಯುವುದು ಲೇಸೆಂದು ನಮಗನಿಸುತ್ತದೆ. ಮೊದಲನೆಯ ಮಾತನ್ನು ನಡೆಸಲು ನೆಟ್ಟಗಿರುವ ಮನಸ್ಸು ಬೇಕು. ಎರಡನೆಯದನ್ನು ರೋಗಿಯೂ ನಡೆಸಬಲ್ಲ. ಪುಣ್ಯಕೋಟಿಯನ್ನು ನಾವು ನೆನೆಯುವುದೂ ಅದು ಮರಳಿ ಬಂದು ನಿಂತದ್ದಕ್ಕಾಗಿಯೇ. ಆದರೆ ಮರಳಿ ಬಂದವನಿಗೆ ಬಾಗಿಲು ತೆರೆದಿರಬೇಕು. ನಡುರಾತ್ರಿ ಬಂದು 'ಅಮ್ಮಾ, ತಪ್ಪಾಯಿತು' ಎಂದರೂ, ಆ ಹೊತ್ತಿಗೆ ಬೈಗುಳವನ್ನು ನುಂಗಿಕೊಂಡು, ಬೆಳಗಾಗುತ್ತಲೇ ಜೊತೆಗೆ ಆಸ್ಪತ್ರೆಗೆ ಹೊರಡುವ ಒಬ್ಬರಾದರೂ ಮನೆಯಲ್ಲಿರಬೇಕು. ಅಧಿಕಾರಿಯ ಕಣ್ಣಿಗೂ ನ್ಯಾಯಾಧೀಶರ ದಂಡಕ್ಕೂ ಸಾಧ್ಯವಾಗದ ಈ ಕೆಲಸ ಮನೆಯವರಿಂದಲೇ ಆಗಬೇಕಾದುದು.